ಪಾಪದ ಪ್ರಾಣಿ

ಕೇಳುಗರಿಗೆ ನಮಸ್ಕಾರ.

ಅಂಗೈ ತುಂಬ ನೀಲಿ ಶಾಯಿ ಮೆತ್ತಿಕೊಂಡು ಮೂರು ವರ್ಷದ ಮಗುವೊಂದು ನಿಂತಿದೆ. ಹಿಂದಿನ ಗೋಡೆಯ ಮೇಲೆ ಅದೇ ನೀಲಿಯ ಗೀಚು. "ಯಾರು ಬರೆದದ್ದು ಇದನ್ನ?" ಎಂದರೆ, ಒಂದಿಷ್ಟೂ ಅಳುಕದೆ "ಬೆಕ್ಕು" ಅನ್ನುತ್ತದೆ. ಕೈಯನ್ನು ಬೆನ್ನ ಹಿಂದೆ ಬಚ್ಚಿಡಬೇಕೆಂದು ಕೂಡ ಹೊಳೆದಿಲ್ಲ. ಈ ಮಗುವನ್ನು ಏನೆಂದು ಕರೆಯೋಣ? ಮುಗ್ಧ ಅನ್ನಬಹುದು, ಧಾರಾಳವಾಗಿ. ನಿರ್ದೋಷಿ ಅನ್ನಲು ಬಾರದು, ಸಾಕ್ಷಿ ಅಂಗೈಯಲ್ಲೇ ಇದೆ. ಅಮಾಯಕ ಎಂದರೆ ಮಾಯೆ, ಕಪಟ ಇಲ್ಲದವನು. ಬೆಕ್ಕಿನ ಮೇಲೆ ತಪ್ಪು ಹೊರಿಸಿದ ಮೇಲೆ ಅದೂ ಕಷ್ಟವೇ.

ಇಂಗ್ಲಿಷಿನವರು ಈ ಮೂರಕ್ಕೂ 'ಇನ್ನೊಸೆಂಟ್' ಎಂಬ ಒಂದೇ ಪದದಲ್ಲಿ ಕೆಲಸ ಮುಗಿಸುತ್ತಾರೆ. ಅದರ ಲ್ಯಾಟಿನ್ ಬೇರು ಹೇಳುವುದು 'ಹಾನಿ ಮಾಡದವನು' ಎಂದಷ್ಟೆ. ನಮ್ಮ 'ಮುಗ್ಧ' ಹುಟ್ಟಿದ್ದು ಬೇರೆ ಮನೆಯಲ್ಲಿ. ಸಂಸ್ಕೃತದ 'ಮುಹ್' ಧಾತುವಿಗೆ ದಿಕ್ಕು ತೋಚದಾಗು, ಭ್ರಮೆಗೊಳ್ಳು ಎಂಬ ಅರ್ಥ. ಮೋಹ, ಮೂಢ ಎರಡೂ ಅಲ್ಲಿಂದಲೇ ಬಂದವು. ಅಂದಮೇಲೆ ಮುಗ್ಧನೂ ಮೂಢನೂ ಒಡಹುಟ್ಟಿದವರು! ಅಲಂಕಾರಶಾಸ್ತ್ರದವರು ನಾಯಿಕೆಯರನ್ನು ಮುಗ್ಧಾ, ಮಧ್ಯಾ, ಪ್ರಗಲ್ಭಾ ಎಂದು ವಿಂಗಡಿಸಿದರು. ಅಲ್ಲಿ ಮುಗ್ಧೆ ಎಂದರೆ ಪ್ರೇಮದಲ್ಲಿ ಇನ್ನೂ ಪಳಗದವಳು. ಮಗುವಿಗೆ ಮುಗ್ಧ ಎಂದರೆ ಮುದ್ದು. ನಲವತ್ತು ದಾಟಿದವರಿಗೆ ಹೇಳಿದರೆ ಅರ್ಧ ಬೈಗುಳ ಎಂದೇ ನನ್ನ ಗುಮಾನಿ.

'ಪಾಪ'ದ ಕಥೆ ಇನ್ನೂ ವಿಚಿತ್ರ. ಪಾಪ ಮಾಡಿದವನು ಪಾಪಿ, ಸರಿ. ಆದರೆ 'ಪಾಪದ ಪ್ರಾಣಿ' ಎಂದರೆ ಯಾರ ತಂಟೆಗೂ ಹೋಗದ ಸಾಧು! ಕನಿಕರಕ್ಕೂ "ಅಯ್ಯೋ ಪಾಪ" ಅನ್ನುತ್ತೇವೆ.

ನ್ಯಾಯಾಲಯಕ್ಕೆ ಇಂಥ ಸೂಕ್ಷ್ಮ ಬೇಕಿಲ್ಲ. ಅಪರಾಧ ಕಾನೂನುಬದ್ಧವಾಗಿ ಸಾಬೀತಾಗುವ ತನಕ ಆರೋಪಿಯನ್ನು ನಿರಪರಾಧಿ ಎಂದೇ ಭಾವಿಸಬೇಕು ಎನ್ನುತ್ತದೆ, 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 11ನೇ ವಿಧಿ. ಇಲ್ಲಿ ಸ್ವಭಾವದ ಮಾತೇ ಇಲ್ಲ. ಮಹಾ ಕಪಟಿಯೂ ಆ ಒಂದು ಕೃತ್ಯ ಮಾಡಿರದಿದ್ದರೆ ನಿರಪರಾಧಿಯೇ. ಸಂಶಯದ ಲಾಭ ಪಡೆದು ಹೊರಬಂದವನ ಬಗ್ಗೆ ಕೋರ್ಟು ಹೇಳುವುದೂ 'ಸಾಬೀತಾಗಲಿಲ್ಲ' ಎಂದಷ್ಟೆ. ನೆರೆಹೊರೆಯವರ ತೀರ್ಪು ಬೇರೆಯೇ ಇರುತ್ತದೆ, ಆ ಮಾತು ಬಿಡಿ.

ಈ ಅರ್ಥಗಳು ಒಂದಕ್ಕೊಂದು ಢಿಕ್ಕಿ ಹೊಡೆದ ಪ್ರಸಂಗ ಒಂದಿದೆ. ಇಂಗ್ಲೆಂಡಿನ ಲೆಸ್ಟರ್ ಬಳಿ 1983ರಲ್ಲಿ ಒಬ್ಬ ಹುಡುಗಿಯ, 1986ರಲ್ಲಿ ಇನ್ನೊಬ್ಬಳ ಕೊಲೆಯಾಯಿತು. ಹದಿನೇಳರ ಹುಡುಗನೊಬ್ಬ ವಿಚಾರಣೆಯ ವೇಳೆ ಎರಡನೆಯದನ್ನು ಒಪ್ಪಿಕೊಂಡ. ಮೊದಲನೆಯದೂ ಇವನದೇ ಇರಬೇಕೆಂದು ಪೊಲೀಸರು ಲೆಸ್ಟರ್ ವಿಶ್ವವಿದ್ಯಾಲಯದ ಅಲೆಕ್ ಜೆಫ್ರೀಸ್ ಅವರ ಬಳಿಗೆ ಹೋದರು. ಡಿಎನ್‌ಎಯಿಂದ ವ್ಯಕ್ತಿಯನ್ನು ಗುರುತಿಸುವ ವಿಧಾನ ಅವರಿಗೆ ಹೊಳೆದದ್ದು 1984ರಲ್ಲಿ. ಪರೀಕ್ಷೆ ಹೇಳಿತು: ಎರಡೂ ಒಬ್ಬನದೇ ಕೆಲಸ, ಆದರೆ ಆ ಒಬ್ಬ ಈ ಹುಡುಗನಲ್ಲ. ತಾನೇ ಒಪ್ಪಿಕೊಂಡಿದ್ದ ಅಪರಾಧದಿಂದ ಅವನನ್ನು ಬಿಡಿಸಿದ್ದು ಪ್ರಯೋಗಾಲಯ.

ಆಮೇಲೆ ಸುತ್ತಲಿನ ಊರುಗಳ ಸಾವಿರಾರು ಗಂಡಸರ ಮಾದರಿ ಪಡೆದರು. ಯಾರದೂ ಹೊಂದಲಿಲ್ಲ. ನಿಜವಾದ ಕೊಲೆಗಾರ ತನ್ನ ಹೆಸರಿನಲ್ಲಿ ಜೊತೆಗೆ ಕೆಲಸ ಮಾಡುವವನನ್ನು ಕಳಿಸಿ, ಅವನ ರಕ್ತ ಕೊಡಿಸಿದ್ದ.

ನಮಸ್ಕಾರ.