ಮಾನಿಟರ್ ಕೊಳ್ಳುವ ಮುನ್ನ ಒತ್ತಕ್ಷರ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮನೆಯಲ್ಲೇ ಕೂತು ಕಚೇರಿ ಕೆಲಸ ಮಾಡುವವರು ಈಗ ಬೆಂಗಳೂರಿನಲ್ಲಿ ಮಾತ್ರ ಇಲ್ಲ. ಹುಬ್ಬಳ್ಳಿ, ಶಿರಸಿ, ಪುತ್ತೂರಿನಲ್ಲೂ ಇದ್ದಾರೆ. ಲ್ಯಾಪ್‌ಟಾಪಿನ 14 ಇಂಚಿನ ಪರದೆಗೆ ಬಗ್ಗಿ ಬಗ್ಗಿ ಕತ್ತು ನೋವು ಶುರುವಾದ ಮೇಲೆ, ಒಂದು ದೊಡ್ಡ ಮಾನಿಟರ್ ತರೋಣ ಅನ್ನುವ ಮಾತು ಮನೆಯಲ್ಲಿ ಏಳುತ್ತದೆ. ತರುವುದೇ ಆದರೆ ಒಳ್ಳೆಯದೇ ಇರಲಿ, ಅಗಲವಾದದ್ದೇ ಇರಲಿ, ಸಂಜೆ ಸಿನಿಮಾ ನೋಡಲಿಕ್ಕೂ ಆಗಲಿ ಅಂದುಕೊಳ್ಳುತ್ತೇವೆ. 30 ಸಾವಿರವೋ 60 ಸಾವಿರವೋ ಎತ್ತಿಡುತ್ತೇವೆ. ಆ ದುಡ್ಡನ್ನು ಎಲ್ಲಿ ಹಾಕಬೇಕು ಅನ್ನುವುದು ಇವತ್ತಿನ ಮಾತು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ದುಡ್ಡು ಮೊದಲು ಅಕ್ಷರದ ಸ್ಪಷ್ಟತೆಗೆ ಹೋಗಬೇಕು. ಆಮೇಲೆ ಪರದೆಯ ಎತ್ತರಕ್ಕೆ ಮತ್ತು ಅದನ್ನು ನಿಲ್ಲಿಸುವ ಸ್ಟ್ಯಾಂಡಿಗೆ. ಅಗಲ, ಬಾಗು, ಆಟ ಆಡುವವರಿಗೆಂದು ಕೊಡುವ ವೇಗ, ಇವೆಲ್ಲ ಆಮೇಲೆ. ಕನ್ನಡದಲ್ಲಿ ಓದಿ ಬರೆಯುವವರಿಗೆ ಈ ಮಾತು ಇನ್ನೂ ಜಾಸ್ತಿ ಸಲ್ಲುತ್ತದೆ.

ಯಾಕೆ ಅಂತೀರಾ? ನಮ್ಮ ಅಕ್ಷರಗಳನ್ನೇ ನೋಡಿ. ದ, ಧ, ಥ, ಈ ಮೂರರ ಮೈಕಟ್ಟು ಒಂದೇ. ದಕಾರದ ಕೆಳಗೆ ಒಂದು ಸಣ್ಣ ಸೀಳು ಬಂದರೆ ಧಕಾರ. ನಡುವೆ ಒಂದು ಚುಕ್ಕಿಯೂ ಸೇರಿದರೆ ಥಕಾರ. ರಕಾರದ ಒಳಗೆ ಚುಕ್ಕಿ ಇಟ್ಟರೆ ಠಕಾರ. ಪಕಾರದ ಹೊಟ್ಟೆಯಲ್ಲಿ ಒಂದು ಸಣ್ಣ ಗೆರೆ ಎಳೆದರೆ ಷಕಾರ. ಇನ್ನು ‘ರಾಷ್ಟ್ರ’, ‘ಶಾಸ್ತ್ರ’ದಂಥ ಪದಗಳಲ್ಲಿ ಒಂದೇ ಅಕ್ಷರಕ್ಕೆ ಎರಡೆರಡು ಒತ್ತು. ಮೂಲ ಅಕ್ಷರಕ್ಕಿಂತ ಒತ್ತು ಸಣ್ಣದು. ಪರದೆಯಲ್ಲಿ ಅದಕ್ಕೆ ಸಿಗುವುದು ಬೆರಳೆಣಿಕೆಯಷ್ಟು ಚುಕ್ಕಿಗಳು. ಅಷ್ಟರಲ್ಲೇ ಒಂದು ಸುರುಳಿ, ಒಂದು ಕೊಂಡಿ, ಒಂದು ಬಾಲ ಮೂಡಬೇಕು. ಚುಕ್ಕಿ ಸಾಲದಿದ್ದರೆ ಒತ್ತು ಬರೀ ಮಸಿಯ ಕಲೆಯ ಹಾಗೆ ಕಾಣುತ್ತದೆ. ನಾವು ಅಂದಾಜಿನಲ್ಲಿ ಓದುತ್ತೇವೆ. ದಿನವಿಡೀ ಕರಡು ತಿದ್ದುವವರು, ಪಹಣಿ ಇಲ್ಲವೇ ಕೋರ್ಟ್ ಕಾಗದ ಓದುವವರು, ಮಕ್ಕಳ ಉತ್ತರ ಪತ್ರಿಕೆ ತಿದ್ದುವ ಮೇಷ್ಟ್ರುಗಳು ಹಾಗೆ ಅಂದಾಜಿನಲ್ಲಿ ಓದಲು ಆಗುವುದಿಲ್ಲ. ಅಂದಾಜು ಮಾಡುವ ಕೆಲಸ ಕಣ್ಣಿಗೂ ದಣಿವು, ತಲೆಗೂ ದಣಿವು.

ಆದ್ದರಿಂದ ಮೊದಲು ನೋಡಬೇಕಾದದ್ದು ಒಂದು ಇಂಚಿನೊಳಗೆ ಎಷ್ಟು ಪಿಕ್ಸೆಲ್, ಅಂದರೆ ಪರದೆಯ ಚುಕ್ಕಿ, ಇದೆ ಅನ್ನುವುದು. ಪಿಪಿಐ ಅಂತ ಹೇಳುವುದು ಇದಕ್ಕೇ. 24 ಇಂಚಿನ, 1920ಕ್ಕೆ 1080 ಪಿಕ್ಸೆಲ್ಲಿನ ಮಾಮೂಲಿ ಫುಲ್ ಎಚ್‌ಡಿ ಮಾನಿಟರಿನಲ್ಲಿ ಇಂಚಿಗೆ ಸುಮಾರು 92 ಪಿಕ್ಸೆಲ್. ಅದೇ ಫುಲ್ ಎಚ್‌ಡಿಯನ್ನು 27 ಇಂಚಿಗೆ ಹಿಗ್ಗಿಸಿದರೆ 82ಕ್ಕೆ ಇಳಿಯುತ್ತದೆ. ಪರದೆ ದೊಡ್ಡದಾಯಿತು, ಅಕ್ಷರ ಕೆಟ್ಟಿತು. ಇದನ್ನು ಓದುವ ಕೆಲಸಕ್ಕೆ ಖಂಡಿತ ತರಬೇಡಿ. 27 ಇಂಚಿಗೆ 2560 ಅಡ್ಡ, 1440 ಉದ್ದ ಇರುವ ಪರದೆಯಲ್ಲಿ 109 ಆಗುತ್ತದೆ, ಪರವಾಗಿಲ್ಲ. ಅದೇ 27 ಇಂಚಿನಲ್ಲಿ 4ಕೆ, ಅಂದರೆ 3840ಕ್ಕೆ 2160 ಆದರೆ 163. ಇಲ್ಲಿ ಒತ್ತಕ್ಷರ ಅಚ್ಚಾದ ಪುಸ್ತಕದ ಹತ್ತಿರಕ್ಕೆ ಬರುತ್ತದೆ. 32 ಇಂಚಿನ 4ಕೆ ಪರದೆಯಲ್ಲಿ 140ರ ಆಸುಪಾಸು, ಅದೂ ಚೆನ್ನಾಗಿದೆ.

4ಕೆ ಪರದೆಯಲ್ಲಿ ಅಕ್ಷರ ತೀರಾ ಚಿಕ್ಕದಾಗುವುದಿಲ್ವಾ ಅಂತ ಕೆಲವರಿಗೆ ಅನುಮಾನ. ಹಾಗೇ ಬಿಟ್ಟರೆ ಆಗುತ್ತದೆ. ಅದಕ್ಕೇ ಸೆಟ್ಟಿಂಗಿನಲ್ಲಿ ಅಕ್ಷರ ದೊಡ್ಡದು ಮಾಡುವ ಸ್ಕೇಲಿಂಗ್ ಅನ್ನು 150 ಪರ್ಸೆಂಟ್ ಮಾಡಿಕೊಳ್ಳಬೇಕು. ಆಗ ಅಕ್ಷರದ ಗಾತ್ರ 1440ರ ಪರದೆಯಲ್ಲಿ ಇದ್ದಷ್ಟೇ ಇರುತ್ತದೆ. ಆದರೆ ಒಂದೊಂದು ಅಕ್ಷರವನ್ನು ಬರೆಯಲು ಎರಡೂಕಾಲು ಪಟ್ಟು ಪಿಕ್ಸೆಲ್ ಸಿಗುತ್ತದೆ. ದುಡ್ಡು ಕೊಟ್ಟದ್ದು ಆ ಎರಡೂಕಾಲು ಪಟ್ಟಿಗೆ. ಆಪಲ್ ಕಂಪ್ಯೂಟರ್ ಇಟ್ಟುಕೊಂಡವರಂತೂ ಇದನ್ನು ಗಮನಿಸಲೇಬೇಕು. 2018ರಲ್ಲಿ ಬಂದ ಮೊಹಾವೆ ಅನ್ನುವ ಮ್ಯಾಕ್ ಆವೃತ್ತಿಯಿಂದ ಈಚೆಗೆ, ಕಡಿಮೆ ಪಿಕ್ಸೆಲ್ಲಿನ ಪರದೆಯಲ್ಲಿ ಅಕ್ಷರದ ಅಂಚನ್ನು ನಯ ಮಾಡುತ್ತಿದ್ದ ಹಳೆಯ ಉಪಾಯವನ್ನು ಆಪಲ್ ಕೈಬಿಟ್ಟಿದೆ. ಅಂಥ ಪರದೆ ಜೋಡಿಸಿದರೆ ಅಕ್ಷರ ಸ್ವಲ್ಪ ಮಂಕಾಗಿ ಕಾಣುತ್ತದೆ.

ಮನೆಯಲ್ಲಿ ಇರುವ ಟಿವಿಯನ್ನೇ ಜೋಡಿಸಿದರೆ ಆಗಲ್ವಾ ಅಂತಲೂ ಕೇಳುತ್ತಾರೆ. 32 ಇಂಚಿನ ಎಚ್‌ಡಿ ಟಿವಿಗಳಲ್ಲಿ ಸಾಮಾನ್ಯವಾಗಿ 1366ಕ್ಕೆ 768 ಪಿಕ್ಸೆಲ್ ಇರುತ್ತದೆ. ಇಂಚಿಗೆ 49 ಆಯಿತು. ಸೋಫಾದಲ್ಲಿ ಕೂತು ನೋಡಲು ಮಾಡಿದ್ದನ್ನು ಎರಡಡಿ ದೂರದಲ್ಲಿ ಇಟ್ಟುಕೊಂಡು ಓದುವುದು ಬೇಡ.

ಈಗ ಅಗಲದ ವಿಚಾರಕ್ಕೆ ಬರೋಣ. ಮಾನಿಟರಿನ ಇಂಚು ಅಂದರೆ ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಅಳೆದ ಅಳತೆ. ಇದು ಎಷ್ಟು ದಾರಿ ತಪ್ಪಿಸುತ್ತದೆ ಅಂದರೆ, ನಮ್ಮ 30-40 ಸೈಟನ್ನೇ ತೆಗೆದುಕೊಳ್ಳಿ. ಮೂಲೆಯಿಂದ ಮೂಲೆಗೆ ಹಗ್ಗ ಹಿಡಿದರೆ ಸರಿಯಾಗಿ 50 ಅಡಿ. 14 ಅಡಿ ಅಗಲ, 48 ಅಡಿ ಉದ್ದದ ಸೈಟಿಗೂ ಮೂಲೆಯಿಂದ ಮೂಲೆಗೆ 50 ಅಡಿಯೇ. ಆದರೆ ಮೊದಲನೆಯದರಲ್ಲಿ 1200 ಚದರಡಿ, ಎರಡನೆಯದರಲ್ಲಿ 672 ಮಾತ್ರ. ಎರಡನ್ನೂ ‘50 ಅಡಿ ಸೈಟು’ ಅಂತ ಮಾರಿದರೆ ಯಾರಾದರೂ ಒಪ್ಪುತ್ತಾರಾ?

ಮಾನಿಟರ್ ಅಂಗಡಿಯಲ್ಲಿ ಮಾತ್ರ ಒಪ್ಪುತ್ತೇವೆ. ಅಲ್ಟ್ರಾವೈಡ್ ಅಂತ ಬರುವ ಪರದೆಗಳ ಆಕಾರ, ಅಂದರೆ ಅಗಲಕ್ಕೆ ಎತ್ತರದ ಲೆಕ್ಕ, 21ಕ್ಕೆ 9ರ ಹತ್ತಿರ. ಮಾಮೂಲಿ ಪರದೆಯದು 16ಕ್ಕೆ 9. 34 ಇಂಚಿನ ಅಲ್ಟ್ರಾವೈಡ್ ಸುಮಾರು 80 ಸೆಂಟಿಮೀಟರ್ ಅಗಲ ಇರುತ್ತದೆ, ಎತ್ತರ 33 ಸೆಂಟಿಮೀಟರ್ ಚಿಲ್ಲರೆ. ಮಾಮೂಲಿ 27 ಇಂಚಿನ ಪರದೆಯ ಎತ್ತರವೂ ಅಷ್ಟೇ. 34 ಅಂದ ಕೂಡಲೇ 32ಕ್ಕಿಂತ ದೊಡ್ಡದು ಅಂತ ನಮಗೆ ಅನ್ನಿಸುತ್ತದೆ. ನಿಜ ಹೇಳಬೇಕೆಂದರೆ, 32 ಇಂಚಿನ ಮಾಮೂಲಿ ಪರದೆಯ ವಿಸ್ತೀರ್ಣವೇ ಒಂದು ಕೂದಲು ಜಾಸ್ತಿ. ಅದರ ಎತ್ತರ 39 ಸೆಂಟಿಮೀಟರ್. ಅಗ್ಗಕ್ಕೆ ಸಿಗುವ 29 ಇಂಚಿನ ಅಲ್ಟ್ರಾವೈಡ್ ಅಂತೂ 24 ಇಂಚಿನ ಮಾಮೂಲಿ ಮಾನಿಟರಿಗಿಂತ ಗಿಡ್ಡ.

ಎತ್ತರ ಯಾಕೆ ಇಷ್ಟು ಮುಖ್ಯ? ಒತ್ತು, ಗುಡಿಸು, ಕೊಂಬು ಎಲ್ಲಕ್ಕೂ ಜಾಗ ಬೇಕಲ್ಲ, ಹಾಗಾಗಿ ಕನ್ನಡದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಅಂತರ ಇಡುತ್ತಾರೆ. ಒಂದು ಪರದೆಯಲ್ಲಿ ಹಿಡಿಸುವ ಸಾಲುಗಳು ಕಡಿಮೆ. ಗಿಡ್ಡ ಪರದೆಯಲ್ಲಿ ಒಂದು ಪ್ಯಾರಾ ಓದಿ ಮುಗಿಸುವಷ್ಟರಲ್ಲಿ ಮೌಸ್ ಉರುಳಿಸಬೇಕಾಗುತ್ತದೆ. ಎ4 ಹಾಳೆಯ ಎತ್ತರವೇ 29.7 ಸೆಂಟಿಮೀಟರ್. ಮೇಲಿನ ಮೆನು, ಕೆಳಗಿನ ಪಟ್ಟಿ ಕಳೆದು ಇಡೀ ಹಾಳೆ ನಿಜವಾದ ಅಳತೆಯಲ್ಲಿ ಕಾಣಬೇಕೆಂದರೆ 32 ಇಂಚಿನ ಮಾಮೂಲಿ ಪರದೆಯೇ ಆರಾಮ. ಬರೆಯುವವರು, ತಿದ್ದುವವರು, ಪುಟ ಕಟ್ಟುವವರು ನನ್ನನ್ನು ಕೇಳಿದರೆ 27 ಅಥವಾ 32 ಇಂಚಿನ 4ಕೆ ಅನ್ನುತ್ತೇನೆ. ಟೇಬಲ್ ಚಿಕ್ಕದಿದ್ದರೆ 27.

ಹಾಗಾದರೆ ಅಲ್ಟ್ರಾವೈಡ್ ಯಾರಿಗೂ ಬೇಡವೇ? ಬೇಕು. ಎಕ್ಸೆಲ್‌ನಲ್ಲಿ ಜನವರಿಯಿಂದ ಡಿಸೆಂಬರ್‌ವರೆಗೆ ಕಾಲಂ ಹರಡಿಕೊಂಡು ಕೂರುವ ಲೆಕ್ಕಪತ್ರದವರಿಗೆ ಅದು ವರ. ವಿಡಿಯೊ ಎಡಿಟ್ ಮಾಡುವವರಿಗೆ ಟೈಮ್‌ಲೈನ್ ಉದ್ದಕ್ಕೆ ಕಾಣುತ್ತದೆ. ಪ್ರೋಗ್ರಾಂ ಬರೆಯುವವರು ಕೋಡ್ ಒಂದು ಕಡೆ, ಅದರ ಫಲಿತಾಂಶ ಇನ್ನೊಂದು ಕಡೆ ಇಟ್ಟುಕೊಳ್ಳಬಹುದು. ಎರಡು ಮಾನಿಟರ್ ಜೋಡಿಸಿದಾಗ ನಡುವೆ ಬರುವ ಕಪ್ಪು ಪಟ್ಟಿಯ ಕಾಟ ಇರುವುದಿಲ್ಲ. ಆದರೆ 34 ಇಂಚಿನ ಅಲ್ಟ್ರಾವೈಡ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು 3440ಕ್ಕೆ 1440 ಪಿಕ್ಸೆಲ್. ಇಂಚಿಗೆ 110 ಅಷ್ಟೇ. ಅಗಲವೂ ಬೇಕು, 4ಕೆಯಂಥ ಅಕ್ಷರವೂ ಬೇಕು ಅನ್ನುವವರಿಗೆ 40 ಇಂಚಿನ, 5120ಕ್ಕೆ 2160 ಪಿಕ್ಸೆಲ್ಲಿನ ಪರದೆಗಳಿವೆ. ಬೆಲೆ ಕೇಳುವ ಮೊದಲು ಗಟ್ಟಿಯಾಗಿ ಕೂತುಕೊಳ್ಳಬೇಕು. ಟೇಬಲ್ಲೂ ಆಳವಾಗಿರಬೇಕು, ಕಣ್ಣಿಗೂ ಪರದೆಗೂ ಮುಕ್ಕಾಲು ಮೀಟರ್ ಆದರೂ ಅಂತರ ಬೇಕು.

ಇಷ್ಟು ಅಗಲದ ಪರದೆಗೆ ಬಾಗು ಒಳ್ಳೆಯದೇ. ಡಬ್ಬದ ಮೇಲೆ 1800ಆರ್ ಅಂತ ಇದ್ದರೆ, ಆ ಬಾಗನ್ನು ಮುಂದುವರಿಸಿ ಪೂರ್ತಿ ವೃತ್ತ ಮಾಡಿದಾಗ ಅದರ ತ್ರಿಜ್ಯ 1800 ಮಿಲಿಮೀಟರ್ ಎಂದರ್ಥ. ಸಂಖ್ಯೆ ಕಡಿಮೆಯಾದಷ್ಟೂ ಬಾಗು ಜಾಸ್ತಿ. ಮನೆಯ ನಕ್ಷೆ ಬಿಡಿಸುವ ಎಂಜಿನಿಯರುಗಳಿಗೆ ನೇರ ಗೆರೆ ನೇರವಾಗಿಯೇ ಕಾಣಬೇಕು, ಅವರಿಗೆ ಚಪ್ಪಟೆ ಪರದೆಯೇ ಸರಿ.

ಮನೆಮಂದಿಯ ಬಳಕೆಯನ್ನೂ ಯೋಚಿಸಿ. ಸಿನಿಮಾಸ್ಕೋಪ್ ಆಕಾರದ ಚಿತ್ರಗಳು ಅಲ್ಟ್ರಾವೈಡ್‌ನಲ್ಲಿ ತುಂಬಿ ಕಾಣುತ್ತವೆ, ತುಂಬಾ ಚೆಂದ. ಕ್ರಿಕೆಟ್ ಮ್ಯಾಚು ಬರುವುದು 16ಕ್ಕೆ 9ರ ಆಕಾರದಲ್ಲಿ. ಆಗ ಎರಡೂ ಬದಿಗೆ ಕಪ್ಪು ಪಟ್ಟಿ ಬಂದು ಪರದೆಯ ಕಾಲು ಭಾಗ ಖಾಲಿ. ಮಕ್ಕಳ ಆನ್‌ಲೈನ್ ಪಾಠಕ್ಕೂ ಇದೇ ಕಥೆ. ಆಫೀಸಿನ ಮೀಟಿಂಗಿನಲ್ಲಿ ಅಷ್ಟಗಲದ ಪರದೆಯನ್ನು ಪೂರ್ತಿ ಹಂಚಿಕೊಂಡರೆ, ಆ ಕಡೆ ಲ್ಯಾಪ್‌ಟಾಪಿನಲ್ಲಿ ನೋಡುವವರಿಗೆ ಅಕ್ಷರ ಇರುವೆ ಗಾತ್ರ. ಪೂರ್ತಿ ಪರದೆಯ ಬದಲು ಒಂದು ವಿಂಡೋವನ್ನು ಮಾತ್ರ ಹಂಚಿಕೊಳ್ಳುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು.

ಪ್ಯಾನೆಲ್, ಅಂದರೆ ಚಿತ್ರ ಮೂಡಿಸುವ ಒಳಗಿನ ಹಲಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಳಗಿನಿಂದ ಸಂಜೆವರೆಗೆ ಅಕ್ಷರ ನೋಡುವವರಿಗೆ ಐಪಿಎಸ್ ಅನ್ನುವ ಬಗೆ ಸಾಕು. ಯಾವ ಬದಿಯಿಂದ ನೋಡಿದರೂ ಬಣ್ಣ ಕೆಡುವುದಿಲ್ಲ. ಅದರ ಕೊರತೆ ಅಂದರೆ ಕಪ್ಪು ಬಣ್ಣ ಸ್ವಲ್ಪ ಬೂದಿ ಬೂದಿ. 2022ರಲ್ಲಿ ಬಂದ ಐಪಿಎಸ್ ಬ್ಲ್ಯಾಕ್ ಅನ್ನುವ ಬಗೆಯಲ್ಲಿ ಈ ಕೊರತೆ ಸುಮಾರು ಅರ್ಧಕ್ಕೆ ಇಳಿದಿದೆ. ಓಎಲ್‌ಇಡಿ ಅನ್ನುವ ಇನ್ನೊಂದು ಬಗೆಯಲ್ಲಿ ಕಪ್ಪು ಅಂದರೆ ಅಪ್ಪಟ ಕಪ್ಪು, ಸಿನಿಮಾಕ್ಕೆ ಅದನ್ನು ಮೀರಿದ್ದಿಲ್ಲ. ಆದರೆ ಕೆಳಗಿನ ಟಾಸ್ಕ್‌ಬಾರ್, ಮೇಲಿನ ಮೆನು ದಿನಗಟ್ಟಲೆ ಒಂದೇ ಜಾಗದಲ್ಲಿ ನಿಂತರೆ ಅದರ ಅಚ್ಚು ಪರದೆಯಲ್ಲಿ ಉಳಿದುಬಿಡುವ ಭಯ ಇದೆ. ಜೊತೆಗೆ ಹಲವು ಓಎಲ್‌ಇಡಿ ಪ್ಯಾನೆಲ್‌ಗಳಲ್ಲಿ ಕೆಂಪು, ಹಸಿರು, ನೀಲಿ ಚುಕ್ಕಿಗಳ ಜೋಡಣೆಯೇ ಬೇರೆ. ಅಕ್ಷರದ ಅಂಚಿನಲ್ಲಿ ತೆಳು ಬಣ್ಣ ಕಾಣುತ್ತದೆ. ನಮ್ಮ ಒತ್ತಕ್ಷರಕ್ಕೆ ಅದು ಒಳ್ಳೆಯದಲ್ಲ. ಎಚ್‌ಡಿಆರ್ 400 ಅಂತ ಚೀಟಿ ಅಂಟಿಸಿದ್ದನ್ನು ನೋಡಿ ಜಾಸ್ತಿ ದುಡ್ಡು ಕೊಡಬೇಡಿ. ಎಚ್‌ಡಿಆರ್ ಅಂದರೆ ಬೆಳಕು ಕತ್ತಲನ್ನು ಇನ್ನೂ ಎದ್ದು ಕಾಣಿಸುವ ಸೌಲಭ್ಯ, 400 ಆ ಸಾಲಿನ ಮೊದಲ ಮೆಟ್ಟಿಲು, ಸಿನಿಮಾದಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ.

ತಂತಿಯ ವಿಚಾರದಲ್ಲಿ ಮಾತ್ರ ಎಚ್ಚರ ಬೇಕು. ಒಳ್ಳೆಯ 4ಕೆ ಮಾನಿಟರ್ ತಂದು, ಎಚ್‌ಡಿಎಂಐ 1.4 ಕಿಂಡಿ ಇರುವ ಹಳೆಯ ಲ್ಯಾಪ್‌ಟಾಪಿಗೆ ಜೋಡಿಸಿದರೆ ಚಿತ್ರ ಸೆಕೆಂಡಿಗೆ 30 ಸಲ ಮಾತ್ರ ಬದಲಾಗುತ್ತದೆ. ಮೌಸ್ ಎಳೆದರೆ ತಡವರಿಸುತ್ತದೆ. ಮಾನಿಟರೇ ಸರಿ ಇಲ್ಲ ಅಂತ ಅದನ್ನು ಬೈಯುವವರಿದ್ದಾರೆ. 60 ಸಲ ಬರಬೇಕಾದರೆ ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ ಬೇಕು. ಯುಎಸ್‌ಬಿ-ಸಿ ಇದ್ದರೆ ಇನ್ನೂ ಅನುಕೂಲ. ಒಂದೇ ತಂತಿಯಲ್ಲಿ ಚಿತ್ರವೂ ಹೋಗುತ್ತದೆ, ಲ್ಯಾಪ್‌ಟಾಪ್ ಚಾರ್ಜೂ ಆಗುತ್ತದೆ. 65 ವ್ಯಾಟ್ ಕೊಡುತ್ತದೋ 90 ವ್ಯಾಟ್ ಕೊಡುತ್ತದೋ ಕೇಳಿ. ನಿಮ್ಮ ಲ್ಯಾಪ್‌ಟಾಪಿನ ಯುಎಸ್‌ಬಿ-ಸಿ ಕಿಂಡಿ ಚಿತ್ರ ಕಳಿಸುವ ಬಗೆಯದೇ ಅನ್ನುವುದನ್ನೂ ನೋಡಿ, ಎಲ್ಲ ಕಿಂಡಿಯೂ ಕಳಿಸುವುದಿಲ್ಲ. ಆಫೀಸಿನದೊಂದು, ಸ್ವಂತದ್ದೊಂದು ಎರಡು ಕಂಪ್ಯೂಟರ್ ಇದ್ದರೆ ಕೆವಿಎಂ ಇರುವ ಮಾನಿಟರ್ ಹುಡುಕಿ. ಒಂದೇ ಕೀಬೋರ್ಡ್, ಒಂದೇ ಮೌಸಿನಲ್ಲಿ ಎರಡನ್ನೂ ನಡೆಸಬಹುದು.

ಸ್ಟ್ಯಾಂಡಿಗೆ ದುಡ್ಡು ಉಳಿಸಲು ಹೋಗಬೇಡಿ. ಎತ್ತರ ಏರಿಸಿ ಇಳಿಸುವಂತಿರಬೇಕು. ಪರದೆಯ ಮೇಲಿನ ಅಂಚು ಕಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗೆ ಇದ್ದರೆ ಕತ್ತಿಗೆ ಹಿತ. 40 ದಾಟಿ ಪ್ರೊಗ್ರೆಸಿವ್ ಕನ್ನಡಕ ಹಾಕಿಕೊಂಡವರಿಗೆ ಇನ್ನೂ ತಗ್ಗಿನಲ್ಲಿ ಬೇಕು. ಓದುವ ಗಾಜು ಕೆಳಭಾಗದಲ್ಲಿ ಇರುವುದರಿಂದ, ಪರದೆ ಎತ್ತರದಲ್ಲಿದ್ದರೆ ಅವರು ಗಲ್ಲ ಮೇಲೆತ್ತಿ ಓದುತ್ತಾರೆ. ಸಂಜೆ ಹೊತ್ತಿಗೆ ಕತ್ತು ಹಿಡಿದುಕೊಳ್ಳುತ್ತದೆ. ಹಿಂಬದಿಯಲ್ಲಿ 100ಕ್ಕೆ 100 ಮಿಲಿಮೀಟರ್ ಅಳತೆಯ ನಾಲ್ಕು ವೆಸಾ ತೂತುಗಳು ಇದ್ದರೆ, ಬೇಕೆಂದಾಗ ಮಾನಿಟರ್ ಹಿಡಿಯುವ ಬೇರೆ ಆರ್ಮ್ ಹಾಕಿಕೊಳ್ಳಬಹುದು.

ಬೆಲೆಗೆ ಸಂಬಂಧಿಸಿದ ಒಂದು ಸುದ್ದಿ ಕೊಳ್ಳುವವರಿಗೆ ಒಳ್ಳೆಯದು. 32 ಇಂಚಿನವರೆಗಿನ ಮಾನಿಟರುಗಳಿಗೆ 2019ರ ಜನವರಿಯಿಂದಲೇ 18 ಪರ್ಸೆಂಟ್ ಜಿಎಸ್‌ಟಿ ಇತ್ತು. ಅದಕ್ಕಿಂತ ದೊಡ್ಡದಕ್ಕೆ 28. 34 ಇಂಚಿನ ಅಲ್ಟ್ರಾವೈಡ್ ಈ ದೊಡ್ಡ ಗುಂಪಿಗೆ ಸೇರಿ ತುಟ್ಟಿಯಾಗುತ್ತಿತ್ತು. 2025ರ ಸೆಪ್ಟೆಂಬರ್ 22ರಿಂದ ಅದಕ್ಕೂ 18 ಆಗಿದೆ. ಹಳೆಯ ದರಪಟ್ಟಿ ತೋರಿಸಿದರೆ ಕೇಳಿ.

ಆದಷ್ಟೂ ಅಂಗಡಿಗೆ ಹೋಗಿ ನೋಡಿ. ಬೆಂಗಳೂರಿನ ಎಸ್.ಪಿ. ರೋಡ್ ಆಗಲಿ, ನಿಮ್ಮ ಊರಿನ ಕಂಪ್ಯೂಟರ್ ಅಂಗಡಿಯಾಗಲಿ, ಡೆಮೊಗೆಂದು ಹಾಕುವುದು ಗಿಣಿ, ಹೂವು, ಸಮುದ್ರದ ವಿಡಿಯೊ. ಅದು ಎಲ್ಲ ಪರದೆಯಲ್ಲೂ ಚೆಂದ ಕಾಣುತ್ತದೆ. ಒಂದು ಪೆನ್‌ಡ್ರೈವ್‌ನಲ್ಲಿ ನೀವು ದಿನಾ ನೋಡುವ ಕಡತಗಳನ್ನೇ ಒಯ್ಯಿರಿ. ಒಂದು ಪುಟ ಕನ್ನಡ, ಒಂದು ಎಕ್ಸೆಲ್ ಶೀಟು. ಅಕ್ಷರದ ಗಾತ್ರ 11 ಅಥವಾ 12 ಇಟ್ಟು, ಒಂದು ಕೈ ದೂರದಲ್ಲಿ ಕೂತು ಓದಿ. ಥಕಾರದ ಚುಕ್ಕಿ ಕಾಣುತ್ತದಾ? ‘ರಾಷ್ಟ್ರ’ದ ಎರಡೂ ಒತ್ತು ಬಿಡಿಬಿಡಿಯಾಗಿವೆಯಾ? ಅಂಗಡಿಯವರು ಅವಸರ ಮಾಡಿದರೂ ನೀವು ಮಾಡಬೇಡಿ. ವಾರಂಟಿ ಎಷ್ಟು ವರ್ಷ, ಪ್ಯಾನೆಲ್ ಅದರಲ್ಲಿ ಸೇರಿದೆಯಾ, ಕೆಟ್ಟರೆ ಮನೆಗೆ ಬಂದು ನೋಡುತ್ತಾರಾ ಅಥವಾ ನಾವೇ ಹೊತ್ತುಕೊಂಡು ಬೇರೆ ಊರಿಗೆ ಹೋಗಬೇಕಾ, ಇದನ್ನು ಬಿಲ್ ಮಾಡಿಸುವ ಮುಂಚೆಯೇ ಕೇಳಿ.

ಮನೆಗೆ ತಂದ ಮೇಲೆ ಪೂರ್ತಿ ಬಿಳಿ, ಪೂರ್ತಿ ಕಪ್ಪು, ಕೆಂಪು, ಹಸಿರು, ನೀಲಿ ಚಿತ್ರಗಳನ್ನು ಒಂದೊಂದಾಗಿ ಪರದೆ ತುಂಬ ಹಾಕಿ ನೋಡಿ. ಸತ್ತ ಪಿಕ್ಸೆಲ್ ಇದ್ದರೆ ಆಗಲೇ ಗೊತ್ತಾಗುತ್ತದೆ. ಕಿಟಕಿ ಪರದೆಯ ಪಕ್ಕಕ್ಕೆ ಬರುವಂತೆ ಟೇಬಲ್ ಹಾಕಿಕೊಳ್ಳಿ. ಕಿಟಕಿ ಬೆನ್ನಿಗಿದ್ದರೆ ಪ್ರತಿಬಿಂಬ, ಎದುರಿಗಿದ್ದರೆ ಕಣ್ಣು ಕುಕ್ಕುವ ಬೆಳಕು. ಪೆಟ್ಟಿಗೆಯಿಂದ ತೆಗೆದಾಗ ಬ್ರೈಟ್‌ನೆಸ್ ಸಾಮಾನ್ಯವಾಗಿ ಜಾಸ್ತಿ ಇರುತ್ತದೆ. ಪಕ್ಕದಲ್ಲಿ ಒಂದು ಬಿಳಿ ಹಾಳೆ ಹಿಡಿದು, ಪರದೆಯ ಬಿಳಿ ಅದರಷ್ಟೇ ಆಗುವವರೆಗೆ ಇಳಿಸಿ. ಆಮೇಲೆ ನಾಲ್ಕು ದಿನ ನಿಮ್ಮ ಮಾಮೂಲಿ ಕೆಲಸವನ್ನೇ ಅದರಲ್ಲಿ ಮಾಡಿ ನೋಡಿ. ಸ್ಕೇಲಿಂಗ್ ಬದಲಿಸಿದರೂ, ತಂತಿ ಬದಲಿಸಿದರೂ ಅಕ್ಷರ ಮಸುಕಾಗಿಯೇ ಇದ್ದರೆ, ವಾಪಸ್ ಕೊಡುವ ಗಡುವಿನೊಳಗೆ ಸಂಕೋಚ ಪಡದೆ ವಾಪಸ್ ಕೊಡಿ. ಅಲ್ಲಿಯವರೆಗೆ ರಟ್ಟಿನ ಡಬ್ಬ, ಥರ್ಮೊಕೋಲ್ ಎರಡನ್ನೂ ಅಟ್ಟದ ಮೇಲೆ ಇಟ್ಟಿರಿ.

ನಮಸ್ಕಾರ.