ಅಕ್ಷರದ ಬೀಗದ ಕೈ

ಬಂಧುಗಳೇ, ಮುಕ್ತ ತಂತ್ರಾಂಶದ, ಅಂದರೆ ಯಾರು ಬೇಕಾದರೂ ಒಳಹೊಕ್ಕು ಓದಿ, ತಿದ್ದಿ, ಹಂಚಬಹುದಾದ ತಂತ್ರಾಂಶದ ಬಗ್ಗೆ ಮಾತನಾಡಲು ಕಲಬುರಗಿಗೆ ಕರೆಸಿದ್ದೀರಿ. ನಾನು ತತ್ವಪದಗಳಿಂದ ಆರಂಭಿಸುತ್ತೇನೆ. ಇಪ್ಪತ್ತು ವರ್ಷಗಳ ಹಿಂದೆ ಆಳಂದ, ಜೇವರ್ಗಿ, ಅಫಜಲಪುರದ ಹಳ್ಳಿಗಳಲ್ಲಿ ಏಕತಾರಿ ಹಿಡಿದು ಭಜನೆಗೆ ಕೂರುತ್ತಿದ್ದ ಹಿರಿಯರಿಂದ ಕೇಳಿ ಬರೆದುಕೊಂಡ ಪದಗಳನ್ನೆಲ್ಲ, ಅಂದು ಚಾಲ್ತಿಯಲ್ಲಿದ್ದ ಒಂದು ಫಾಂಟಿನಲ್ಲಿ ಬೆರಳಚ್ಚು ಮಾಡಿ ಇಟ್ಟಿದ್ದೆ. ಕಂಪ್ಯೂಟರ್ ಬದಲಾಯಿತು, ಆ ಫಾಂಟು ಸಿಗದಾಯಿತು. ಕಡತ ತೆರೆದರೆ ರೋಮನ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಹಾಡಿದವರಲ್ಲಿ ಹಲವರು ಅಷ್ಟರಲ್ಲಿ ತೀರಿಕೊಂಡಿದ್ದರು. ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರಸಂಕೇತ ಪದ್ಧತಿಯಾದ ಯೂನಿಕೋಡ್‌ನಲ್ಲಿ 1991ರಿಂದಲೇ ಕನ್ನಡಕ್ಕೆ ಸ್ಥಾನವಿದ್ದರೂ, ನಾವು ಬಹುಕಾಲ ಒಬ್ಬೊಬ್ಬ ತಯಾರಕರು ಒಂದೊಂದು ಬಗೆಯಲ್ಲಿ ಸಂಕೇತ ಕೊಟ್ಟ ಫಾಂಟುಗಳಲ್ಲೇ ಬರೆದೆವು. ಪದ ನನ್ನದೇ ಕಡತದಲ್ಲಿತ್ತು, ಬೀಗದ ಕೈ ಮಾತ್ರ ಬೇರೆಯವರ ಬಳಿ ಇತ್ತು.

ಕೊನೆಗೆ ಹಳೆಯ ಫಾಂಟಿನ ಬರಹವನ್ನು ಯೂನಿಕೋಡ್‌ಗೆ ಬದಲಿಸುವ ಒಂದು ಮುಕ್ತ ಪರಿವರ್ತಕ ಸಿಕ್ಕಿತು. ಅದು ಮೊದಲು ‘ಕರ್ನಾಟಕ’ವನ್ನು ‘ಕನಾರ್ಟಕ’ ಮಾಡಿತು. ಹಳೆಯ ಫಾಂಟುಗಳು ಅರ್ಕಾವತ್ತನ್ನು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಇಡುತ್ತವೆ. ಯೂನಿಕೋಡ್ ಬಾಯಿ ಉಚ್ಚರಿಸುವಂತೆ ರಕಾರವನ್ನು ಮೊದಲು ಇಡುತ್ತದೆ. ಆ ಪರಿವರ್ತಕದ ಮೂಲ ಸಂಕೇತ, ಅಂದರೆ ತಂತ್ರಾಂಶವನ್ನು ಬರೆದ ಸಾಲುಗಳು, ತೆರೆದಿದ್ದರಿಂದ ನನ್ನ ವಿದ್ಯಾರ್ಥಿಯೊಬ್ಬಳು ಎರಡು ರಾತ್ರಿ ಕೂತು ಅದನ್ನು ತಿದ್ದಿದಳು, ತಿದ್ದಿದ್ದನ್ನು ಮೂಲ ಕರ್ತೃವಿಗೂ ಕಳಿಸಿದಳು. ಮುಚ್ಚಿದ ತಂತ್ರಾಂಶವಾಗಿದ್ದರೆ ನಾವು ಅರ್ಜಿ ಬರೆದು ಕಾಯಬೇಕಿತ್ತು.

ಮುಕ್ತ ತಂತ್ರಾಂಶವೆಂದರೆ ಕೃತಿಸ್ವಾಮ್ಯದ ವಿರೋಧವೆಂಬ ಅನಿಸಿಕೆ ಸರಿಯಲ್ಲ. ಮುಕ್ತ ತಂತ್ರಾಂಶ ಚಳವಳಿಯನ್ನು ಆರಂಭಿಸಿದ ರಿಚರ್ಡ್ ಸ್ಟಾಲ್‌ಮನ್ 1989ರಲ್ಲಿ ತಂದ ಜಿಪಿಎಲ್ ಎಂಬ ತಂತ್ರಾಂಶ ಪರವಾನಗಿ ಕೃತಿಸ್ವಾಮ್ಯದ ಮೇಲೆಯೇ ನಿಂತಿದೆ: ಬಳಸಿ, ಓದಿ, ತಿದ್ದಿ, ಹಂಚಿ, ತಿದ್ದಿ ಹಂಚುವಾಗ ನಿಮಗೆ ಸಿಕ್ಕ ಸ್ವಾತಂತ್ರ್ಯವನ್ನೇ ಮುಂದಿನವರಿಗೂ ಕೊಡಿ. ಕರ್ತೃವೇ ಬೀಗದ ಕೈಯನ್ನು ಎಲ್ಲರಿಗೂ ಒಪ್ಪಿಸುವ ಕ್ರಮವಿದು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯಾದರೋ ಲೇಖಕರ ಮರಣಾನಂತರ 60 ವರ್ಷಗಳವರೆಗೆ ಹಕ್ಕನ್ನು ಕಾಯುತ್ತದೆ. ವಚನಗಳು ಹನ್ನೆರಡನೆಯ ಶತಮಾನದವು, ಅವು ಯಾರ ಸ್ವತ್ತೂ ಅಲ್ಲ. ಆದರೆ ಅವನ್ನು ಸಂಗ್ರಹಿಸಿ ಪ್ರಕಟಿಸಿದ, 1964ರಲ್ಲಿ ತೀರಿಕೊಂಡ ಫ.ಗು. ಹಳಕಟ್ಟಿಯವರು ಬರೆದ ಪೀಠಿಕೆ, ಟಿಪ್ಪಣಿಗಳು ಕೃತಿಸ್ವಾಮ್ಯ ಮುಗಿದು ಸಾರ್ವಜನಿಕ ಸ್ವತ್ತಾದದ್ದು 2025ರ ಜನವರಿ 1ರಂದು. ಈ ಅವಧಿ ಬಹಳ ದೀರ್ಘವೆಂದು ನನ್ನ ದೃಢವಾದ ಅಭಿಪ್ರಾಯ. ಲೇಖಕರಿಲ್ಲ, ಪ್ರಕಾಶನ ಮುಚ್ಚಿದೆ, ವಾರಸುದಾರರು ಗೊತ್ತಿಲ್ಲ. ಇಂಥ ಪುಸ್ತಕಗಳನ್ನು ನಮ್ಮ ಭಾಗದ ಗ್ರಂಥಾಲಯಗಳಲ್ಲಿ ಗೆದ್ದಲು ತಿನ್ನುತ್ತಿರುವಾಗ ಅನುಮತಿ ಕೇಳುವುದಾದರೂ ಯಾರನ್ನು?

ಸಮಯ ಮುಗಿಯುತ್ತಿದೆ ಎಂದು ಚೀಟಿ ಬಂದಿದೆ, ಖಾಸಗಿತನದ ವಿಷಯವನ್ನು ಬೇಗ ಹೇಳುತ್ತೇನೆ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು. ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಹಕ್ಕು ಸಿಕ್ಕಿತು. ಆದರೆ ನಿಮ್ಮ ಮೊಬೈಲಿನ ಕನ್ನಡ ಕೀಲಿಮಣೆಯನ್ನು ಯೋಚಿಸಿ: ಮಗಳಿಗೆ ಬರೆದದ್ದು, ವೈದ್ಯರಿಗೆ ಬರೆದದ್ದು, ಎಲ್ಲವೂ ಅದರ ಮೂಲಕವೇ ಹಾಯುತ್ತದೆ. ಅದು ಏನನ್ನು ಎಲ್ಲಿಗೆ ಕಳಿಸುತ್ತದೆ ಎಂಬುದನ್ನು ಬಲ್ಲವರು ಒಳಹೊಕ್ಕು ಓದಿ ಹೇಳಬೇಕಾದರೆ ಮೂಲ ಸಂಕೇತ ತೆರೆದಿರಬೇಕು. ಇಲ್ಲಿಯೂ ನಾನು ಕೇಳುವುದು ಬೀಗದ ಕೈಯನ್ನೇ.

ಹಳೆಯ ಫಾಂಟುಗಳ ಕಡತಗಳಿದ್ದವರು ಸಭೆಯ ನಂತರ ದಯವಿಟ್ಟು ನಿಲ್ಲಿ. ಆ ಪರಿವರ್ತಕ ನನ್ನ ಪೆನ್‌ಡ್ರೈವ್‌ನಲ್ಲಿದೆ, ಎಲ್ಲರೂ ನಕಲು ಮಾಡಿಕೊಳ್ಳಬಹುದು.