ಸೋರುವ ಮಾಡಿನ ಕೆಳಗೆ ನಲಿ-ಕಲಿ

ಕೇಳುಗರಿಗೆ ನಮಸ್ಕಾರ.

ಹಳ್ಳಿ ಶಾಲೆಯ ಸೌಲಭ್ಯ ಅಂದ ಕೂಡಲೇ ನಾವು ಕೊಠಡಿ ಎಣಿಸಲು ಶುರು ಮಾಡುತ್ತೇವೆ. ಒಂದು ರೀತಿಯಲ್ಲಿ ಸರಿಯೇ. 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯೂ ಪ್ರತಿ ಶಿಕ್ಷಕರಿಗೆ ಒಂದು ಕೊಠಡಿ, ಕುಡಿಯುವ ನೀರು, ಗಂಡು ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ ಇರಲೇಬೇಕು ಅನ್ನುತ್ತದೆ. ಆದರೆ ಇದ್ದರೆ ಸಾಕಾ?

ನಮ್ಮ ನಲಿ-ಕಲಿ ತರಗತಿಯನ್ನೇ ನೋಡಿ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ ಪದ್ಧತಿ ಇದು. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ, ನೆಲದ ಮೇಲೆ ಗುಂಪುಗುಂಪಾಗಿ ಕೂರುತ್ತಾರೆ. ಪ್ರತಿ ಮಗುವೂ ಪಾಠದ ಕಾರ್ಡು ಹಿಡಿದು ತನ್ನ ವೇಗದಲ್ಲಿ ಮುಂದೆ ಹೋಗುತ್ತದೆ. ಚೆಂದದ ಯೋಚನೆ, ಅಲ್ವಾ? ಆದರೆ ಇದಕ್ಕೆ ನೆಲ ಒಣಗಿರಬೇಕು, ಜಾಗ ಬೇಕು. ಜುಲೈ ಮಳೆಗೆ ಹೆಂಚು ಸೋರಿತು ಅಂದುಕೊಳ್ಳಿ. ಮಕ್ಕಳೆಲ್ಲ ಒಣಗಿದ ಮೂಲೆಗೆ ಸರಿಯುತ್ತಾರೆ. ಗುಂಪುಗಳು ಚೆದುರುತ್ತವೆ, ಕಾರ್ಡುಗಳು ನೆನೆಯುತ್ತವೆ. ಟೀಚರ್ ಪಾಪ ಏನು ಮಾಡಬೇಕು? ಎಲ್ಲರ ಕೈಲೂ ಮಗ್ಗಿ ಹೇಳಿಸುತ್ತಾರೆ. ತಗಡಿನ ಮಾಡಾದರೆ ಅದೂ ಕೇಳಿಸುವುದಿಲ್ಲ. ಹಾಗಾಗಿ ಮಾಡು ಕೆಟ್ಟರೆ ಪಾಠದ ಪದ್ಧತಿಯೇ ಕೆಡುತ್ತದೆ. ನಾವು ಮಾತ್ರ ಮಕ್ಕಳಿಗೆ ಓದಲು ಬರುವುದಿಲ್ಲ ಅಂತ ಟೀಚರನ್ನು ದೂರುತ್ತೇವೆ.

ಶೌಚಾಲಯದ ಕಥೆ ಇನ್ನೂ ಸೂಕ್ಷ್ಮ. ಗೋಡೆಗೆ ಬಣ್ಣ ಬಳಿದಿರುತ್ತದೆ, ನಲ್ಲಿಯಲ್ಲಿ ನೀರಿರುವುದಿಲ್ಲ. ಇಲ್ಲವೇ ಬಾಗಿಲಿಗೆ ಬೀಗ. ಆಗ ಆರು, ಏಳನೇ ತರಗತಿಯ ಹುಡುಗಿಯರು ಸುಮ್ನೆ ನೀರು ಕುಡಿಯುವುದನ್ನೇ ಬಿಡುತ್ತಾರೆ. ಬಿಸಿಯೂಟ ಆದ ಮೇಲೆ ತಲೆನೋವು, ಮಂಕು. ಮುಟ್ಟಿನ ದಿನ ಬಂದರೆ ಮನೆಯಲ್ಲೇ ಉಳಿಯುತ್ತಾರೆ. ಹಾಜರಿ ಪುಸ್ತಕದಲ್ಲಿ ಅದು ಬರೀ ಗೈರು.

ಎಷ್ಟೋ ಗ್ರಾಮ ಪಂಚಾಯಿತಿಗಳು ಉದ್ಯೋಗ ಖಾತ್ರಿ ದುಡ್ಡಿನಲ್ಲಿ ಶಾಲೆಗೆ ಕಾಂಪೌಂಡು, ಶೌಚಾಲಯ ಕಟ್ಟಿಸಿವೆ. ಮೆಚ್ಚಬೇಕು. ಆದರೆ ಕಟ್ಟಿಸುವುದಕ್ಕೆ ಹುಟ್ಟುವ ದುಡ್ಡು ತೊಳೆಯುವುದಕ್ಕೆ, ರಿಪೇರಿಗೆ ಹುಟ್ಟುವುದಿಲ್ಲ. ರಿಪೇರಿ ಮಾಡಿಸಿದರೆ ಉದ್ಘಾಟನೆ ಇರುವುದಿಲ್ಲವಲ್ಲ! ಸಮಗ್ರ ಶಿಕ್ಷಣ ಅನ್ನುವ ಸರ್ಕಾರಿ ಯೋಜನೆಯ ನಿಯಮದ ಪ್ರಕಾರ ಮೂವತ್ತು ಮಕ್ಕಳವರೆಗಿನ ಶಾಲೆಗೆ ವರ್ಷದ ಅನುದಾನ 10 ಸಾವಿರ ರೂಪಾಯಿ. ಸೀಮೆಸುಣ್ಣದಿಂದ ಹಿಡಿದು ಸಣ್ಣಪುಟ್ಟ ರಿಪೇರಿವರೆಗೆ ಎಲ್ಲ ಅದರಲ್ಲೇ ಆಗಬೇಕು.

ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಇರುವ ಪೋಷಕರಿಗೆ ಒಂದು ಮಾತು. ಹೊಸ ಕೊಠಡಿಗೆ ಅರ್ಜಿ ಬರೆಯಿರಿ, ಬೇಡ ಅನ್ನುವುದಿಲ್ಲ. ಅದರ ಜೊತೆಗೆ ಮೇ ತಿಂಗಳಲ್ಲೇ ಒಮ್ಮೆ ಯಾರನ್ನಾದರೂ ಮಾಡಿನ ಮೇಲೆ ಹತ್ತಿಸಿ ಒಡೆದ ಹೆಂಚು ನೋಡಿಸಿ. ಶೌಚಾಲಯದ ಬೀಗದ ಕೈ ಯಾರ ಹತ್ತಿರ ಇದೆ ಅಂತಲೂ ಕೇಳಿ.

ನಮಸ್ಕಾರ.